ಬಿಯರ್ ಫ್ರಿಜ್ಜಿನ ದಾಹ

"ಎಲ್ಲ ನೋಡಿಕೊಳ್ಳಿ. ಆದರೆ ಕೊಳ್ಳುವ ಮೊದಲು ನಾನು ಹೇಳುವುದನ್ನೂ ಕೇಳಿ," ಎಂದಳು, ಊರು ಬಿಡುವ ಮುನ್ನ ಮನೆಸಾಮಾನು ಮಾರುತ್ತಿದ್ದ ಜೇನ್.

ಬಸವಪ್ರಭು ಕೇಳುವ ಸ್ಥಿತಿಯಲ್ಲಿರಲಿಲ್ಲ. ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಆ ಬಂಗಲೆಯ ಅಡುಗೆಮನೆಯಲ್ಲಿ ಮೊಣಕಾಲೂರಿ, ನೆತ್ತಿಯ ಮೇಲೆ ನಲ್ಲಿ ಹೊತ್ತ ಬಿಯರ್ ಫ್ರಿಜ್ಜಿನೊಳಗೆ ತಲೆ ತೂರಿಸಿದ್ದ. ವಿಜಾಪುರದಿಂದ ಮಸ್ಕತ್ತಿಗೆ ಬಂದು ಒಂದು ಬೇಸಿಗೆಯೂ ಕಳೆದಿರಲಿಲ್ಲ. ಆದರೆ ಏಸಿ, ಫ್ರಿಜ್ಜುಗಳ ಇಂಜಿನಿಯರ್. ಹಳೇ ಮಾಲು ನೋಡುವುದನ್ನು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ. ಬಾಗಿಲ ರಬ್ಬರಿಗೆ ಕಾಗದದ ಚೂರು ಸಿಕ್ಕಿಸಿ ಎಳೆದ, ಬಿಗಿಯಾಗಿತ್ತು. ಗ್ಯಾಸಿನ ಕೊಳವೆಗೆ ಸೋಪಿನ ನೊರೆ ಬಳಿದ, ಗುಳ್ಳೆ ಏಳಲಿಲ್ಲ. ಕಂಪ್ರೆಸರಿಗೆ ಕಿವಿಯಿಟ್ಟ, ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಡುತ್ತಿತ್ತು. ಬಿಯರ್ ಬರುವ ಪೈಪನ್ನು ಮೂಸಿದ. ಹುಳಿ ವಾಸನೆ ಇದ್ದದ್ದೇ. ಅದರ ಹಿಂದೆ ಇನ್ನೊಂದು ನಾತವಿತ್ತು, ಬಹುದಿನ ನೀರು ಕಾಣದ ಬಾಯಿಯದು.

ನಲ್ಲಿಯ ಬುಡದಲ್ಲಿ ಕೂದಲು ಹೆಣೆದ ಕರಿದಾರದ ಗಂಟೊಂದು ಬೆರಳಿಗೆ ತಾಗಿತು.

"ಅದು ಹಲೀಮಾ ಕಟ್ಟಿದ್ದು." ಜೇನಳ ದನಿ ತರಗೆಲೆಯಂತೆ ಕರಕರ ಎನ್ನುತ್ತಿತ್ತು. ತುಟಿಯ ಬಿರುಕುಗಳಲ್ಲಿ ರಕ್ತ ಹೆಪ್ಪುಗಟ್ಟಿತ್ತು. "ನಮ್ಮ ಮನೆಗೆಲಸದವಳು. ಬಿಯರ್ ಕದ್ದಳೆಂದು ನನ್ನ ಗಂಡ ಅವಳನ್ನು ಈ ಫ್ರಿಜ್ಜು ಇಟ್ಟಿದ್ದ ತಾರಸಿ ಕೋಣೆಯಲ್ಲೇ ಕೂಡಿಹಾಕಿದ. ಇದು ಖಾಲಿಯಿತ್ತು. ಹೊರಗೆ ಜೂನ್ ತಿಂಗಳ ಬಿಸಿಲು. ನೀರು ಕೇಳಿದಳು. ನಾವು ಕೊಡಲಿಲ್ಲ. ಇದರ ಒಡೆಯರ ಗಂಟಲಲ್ಲಿ ಹನಿ ನೀರು ಇಳಿಯದಿರಲಿ ಅಂತ ಬಾಗಿಲ ಹಿಂದಿನಿಂದ ಶಪಿಸಿದಳು. ಆಮೇಲೆ ದನಿ ನಿಂತಿತು. ಮೊನ್ನೆ ನನ್ನ ಗಂಡ ನೀರಿನ ಲೋಟ ಹಿಡಿದುಕೊಂಡೇ ಸತ್ತ."

ಬಸವಪ್ರಭು ಇಕ್ಕಳದಿಂದ ಗಂಟನ್ನು ಕತ್ತರಿಸಿ ಎತ್ತಿ ಹಿಡಿದ. "ಇಷ್ಟೇನಾ ಮೇಡಂ ನಿಮ್ಮ ಮಾಟ? ನಲ್ಲಿ ಸೋರದಿದ್ದರೆ ನನಗೆ ಸಾಕು. ಇದೂ ನನಗಿರಲಿ, ನಿಮ್ಮ ಹಲೀಮಾಳೂ ಇರಲಿ." ಹೊಟ್ಟೆ ಹಿಡಿದುಕೊಂಡು ನಕ್ಕ.

ಜೇನ್ ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ಬಾಯಿಗೆ ಕವುಚಿಕೊಂಡಳು. ಗಟಗಟ ಕುಡಿದಳು. ಕುಡಿಯುತ್ತಲೇ ಅತ್ತಳು.

ಅದೇ ದಿನ, ಶುಕ್ರವಾರದ ಮಧ್ಯಾಹ್ನ, ಫ್ರಿಜ್ಜನ್ನು ಕೊಂಡು ತಂದು ಅಲ್ ಹೈಲಿನ ತನ್ನ ಮನೆಯಲ್ಲಿ ಅವನು ಮೊದಲ ಗ್ಲಾಸು ತುಂಬಿಸಿಕೊಂಡ. ಹೊರಗೆ ಧೂಳುಗಾಳಿ ಎದ್ದಿತ್ತು. ಪರದೆ ಎಳೆದ ಕೋಣೆ ನೆಲಮಾಳಿಗೆಯಂತೆ ಕತ್ತಲಾಗಿತ್ತು. ಬಿಯರ್ ಗಂಟಲವರೆಗೆ ಹೋಯಿತು. ನಿಂತಿತು. ಯಾರೋ ಒಳಗಿನಿಂದ ಅಂಗೈ ಅಡ್ಡ ಹಿಡಿದಂತೆ ಹಿಂದಕ್ಕೆ ಬಂತು. ನೀರು ಕುಡಿದ, ಅದೂ ಬಂತು. ಮಜ್ಜಿಗೆಯೂ ಬಂತು. ಡಾಕ್ಟರು ಟಾರ್ಚು ಬಿಟ್ಟು ನೋಡಿ ಗಂಟಲು ಚೆನ್ನಾಗಿದೆ ಅಂದರು. ಡ್ರಿಪ್ ಹಾಕಿದರೆ ಸೂಜಿ ಚುಚ್ಚಿದಲ್ಲಿಂದಲೇ ನೀರು ಹೊರಗೆ ಒಸರಿತು.

ಮನೆಗೆ ಬಂದು ಪ್ಲಗ್ಗು ಕಿತ್ತ. ಫ್ರಿಜ್ಜು ಗುರುಗುಡುತ್ತಲೇ ಇತ್ತು. ನಲ್ಲಿ ತೊಟ್ಟಿಕ್ಕುವ ಸದ್ದು ಕೇಳಿಸುತ್ತಿತ್ತು; ಮುಟ್ಟಿದರೆ ಕೆಳಗಿನ ತಟ್ಟೆ ಒಣ ಒಣ.

ಜೇನ್‌ಗೆ ಫೋನು ಹಚ್ಚಿದ. ಅವಳು ವಿಮಾನ ಹತ್ತುವುದರಲ್ಲಿದ್ದಳು. "ಕಸಕ್ಕೆಸೆದರೂ ಬಿಡುವುದಿಲ್ಲ," ಎಂದಳು. "ಎಲ್ಲ ಕೇಳಿ, ನಕ್ಕು, ನನಗಿರಲಿ ಅಂದವರಿಗೆ ಮಾತ್ರ ದಾಟುತ್ತದೆ. ಹಾಗಂತ ಹಲೀಮಾಳೇ ಬಾಗಿಲ ಹಿಂದಿನಿಂದ ಹೇಳಿದ್ದಳು. ಅದಕ್ಕೇ ನಡೆದದ್ದರಲ್ಲಿ ನಿಮಗೆ ಒಂದನ್ನೂ ಮುಚ್ಚಿಡಲಿಲ್ಲ. ನೀವು ನಕ್ಕಿರಿ."

ಆಫೀಸಿನ ಚೇತನನನ್ನು ಕರೆಸಿ ಎಲ್ಲ ಹೇಳಿದ, ಪುಕ್ಕಟೆ ಒಯ್ಯಿ ಅಂದ. ಮೈಸೂರಿನ ಹುಡುಗ ಬಾಗಿಲಲ್ಲೇ ಚಪ್ಪಲಿ ಮೆಟ್ಟಿಕೊಂಡ. "ಖಲಾಸ್ ಸರ್, ಇಲ್ಲಿಗೇ ಬಿಟ್ಬಿಡಿ. ನಗೋ ವಿಷ್ಯ ಅಲ್ಲ ಇದು."

ಹೆಂಡತಿ ಉಮಾಶ್ರೀ ಅಷ್ಟೂ ದಿನ ಒದ್ದೆ ಬಟ್ಟೆಯಿಂದ ಅವನ ತುಟಿ ಒರೆಸುತ್ತಿದ್ದಳು. "ಏನಾಗೇತಿ ಹೇಳ್ರೀ. ನನ್ನ ಮುಂದೂ ಮುಚ್ಚಿಡ್ತೀರೇನು?"

ಹೇಳಿದ. ಜೇನ್ ಫೋನಿನಲ್ಲಿ ಅಂದದ್ದನ್ನೂ ಬಿಡದೆ ಹೇಳಿದ.

ಗಂಡನಿಗೆ ಧೈರ್ಯ ಬರಲೆಂದು ಉಮಾಶ್ರೀ ನಕ್ಕಳು. "ಅಯ್ಯ ಶಿವನ, ಇಂಜಿನಿಯರ್ ಸಾಹೇಬ್ರು ಫ್ರಿಜ್ಜಿಗೆ ಅಂಜಿ ಮಲಗ್ಯಾರ." ಎರಡೂ ಅಂಗೈಯಿಂದ ಅವನ ಕೆನ್ನೆ ಸವರಿದಳು.

ಮುಂದೇನು ಬರುತ್ತದೆಂದು ಅವನಿಗೆ ಗೊತ್ತಿತ್ತು. ಅವನಿಗೆ ಜ್ವರ ಬಂದಾಗ, ದೃಷ್ಟಿ ತಾಗಿದಾಗ ಅವಳು ಮಾಡುತ್ತಿದ್ದದ್ದೇ ಅದು. ಬೇಡ ಅನ್ನುವಷ್ಟು ಉಸಿರು ಅವನಲ್ಲಿತ್ತು. ಅನ್ನಲಿಲ್ಲ. ಅವಳು ಬೆರಳುಗಳನ್ನು ತನ್ನ ಕಪಾಲಕ್ಕೆ ಒತ್ತಿ ಲಟಲಟನೆ ಲಟಿಕೆ ಮುರಿದಳು.

"ನಿಮ್ಮ ಪೀಡಾ ಎಲ್ಲಾ ನನಗಿರಲಿ."

ಫ್ರಿಜ್ಜು ನಿಂತಿತು. ಕೋಣೆ ನಿಶ್ಶಬ್ದವಾಯಿತು. ಅವನು ಲೋಟ ಎತ್ತಿದ. ನೀರು ಇಳಿಯಿತು. ತಣ್ಣಗೆ ಎದೆಯುದ್ದಕ್ಕೂ ಇಳಿಯಿತು. ಇನ್ನೊಂದು ಲೋಟ. ಮತ್ತೊಂದು. ಉಮಾಶ್ರೀ ಕೈಮುಗಿದಳು. ತಾನೂ ಒಂದು ಗುಟುಕು ಕುಡಿದಳು. ನೀರು ಸೀರೆಯ ಮೇಲೆ ಬಿತ್ತು. ಮತ್ತೆ ಕುಡಿದಳು. ಮತ್ತೆ ಬಿತ್ತು. ಫ್ರಿಜ್ಜು ಗುರುಗುಡತೊಡಗಿತು.

ಮರುದಿನ ಸಂಜೆಯ ಹೊತ್ತಿಗೆ ಅವಳ ತುಟಿ ಬಿರಿದಿತ್ತು. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಅವನ ಕೈ ಹಿಡಿದುಕೊಂಡಳು. "ರೀ, ಈಗ ನಾ ಹೇಳತೀನಿ, ನೀವು ನಗ್ರೀ. ನನಗಿರಲಿ ಅನ್ರೀ. ಎರಡ ಗುಟುಕು ಕುಡದು ಮತ್ತ ನಾನ ತಗೋತೀನಿ. ನಿಮ್ಮಾಣಿ. ಪಾಳಿ ಹಚ್ಚಿ ಇಬ್ಬರೂ ಉಳಕೊಳ್ಳೂಣು."

ಹೇಳಿದಳು. ಹಲೀಮಾ, ಗಂಟು, ಗಂಟಲು, ಎಲ್ಲ. ಒಂದೊಂದು ಮಾತಿಗೂ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಮುಗಿಸಿ, ಅವನ ಬಾಯಿಯನ್ನೇ ನೋಡುತ್ತ ಕೂತಳು.

ಬಸವಪ್ರಭು ಗೋಡೆಯ ಕಡೆ ಮುಖ ತಿರುಗಿಸಿದ. ಗಂಟಲು ಮತ್ತೆ ಒಣಗುತ್ತಿರುವಂತೆ ಅನಿಸಿತು. ಕೈ ಚಾಚಿ ಅವಳ ಬೆರಳುಗಳಿಂದ ಲೋಟ ಬಿಡಿಸಿಕೊಂಡ. ಅವಳು ಕುಡಿಯಲಾರದೆ ಉಳಿಸಿದ್ದ ನೀರನ್ನೂ ಹನಿ ಬಿಡದೆ ಕುಡಿದ.