ಕಿತ್ತೆಸೆದ ಪರದೆ

ಸೋಮವಾರ ಬೆಳಿಗ್ಗೆ ಹತ್ತಕ್ಕೆ ದರ್ಜಿ ಹೆಂಗಸೊಬ್ಬಳು ಠಾಣೆಗೆ ಬಂದು, ಗುಂಡಿ ಹಾಕಿಡುವ ಡಬ್ಬಿಯನ್ನು ಇನ್‌ಸ್ಪೆಕ್ಟರಮ್ಮನ ಮೇಜಿನ ಮೇಲೆ ಕುಕ್ಕಿದಳು. ಒಳಗೆ ಇಂಜೆಕ್ಷನ್ನಿನ ಖಾಲಿ ಬಾಟಲಿಗಳು.

"ಪೇಟೆ ಡಾಕ್ಟರ ಆಸ್ಪತ್ರೇಲಿ ಆಪರೇಷನ್ ಆಗಿತ್ತು. ಇಷ್ಟು ಆ್ಯಂಟಿಬಯೋಟಿಕ್ ಚುಚ್ಚಿದ್ರೂ ನಂಜೇರಿ ನಮ್ಮೆಜಮಾನ್ರು ಹೋಗ್ಬಿಟ್ರು. ನಕಲಿ ಔಷಧಿ ಅಂತ ಬರ್ಕೊಳ್ಳಿ. ಅಲ್ಲೀವರೆಗೂ ನಾನು ಏಳಲ್ಲ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನಕ್ಕೆ ಮೇಲಧಿಕಾರಿಯ ಫೋನು: "ಊರಿಗೇ ಬೇಕಾದ ಡಾಕ್ಟರು. ಸುಮ್ನೆ ಕೈ ಸುಟ್ಕೋಬೇಡಿ."

"ಸುಟ್ರೆ ಸುಡ್ಲಿ ಸಾರ್." ಬೇಡವೆಂದರೆ ಎರಡು ಹೆಜ್ಜೆ ಮುಂದಿಡುವುದು ಇನ್‌ಸ್ಪೆಕ್ಟರಮ್ಮನ ಹುಟ್ಟುಗುಣ. ಬಾಟಲಿಗಳನ್ನು ತಿರುಗಿಸಿ ನೋಡಿದರು. ಎಲ್ಲದರ ಚೀಟಿಯೂ ಒಂದು ಮಗ್ಗುಲು ಕೆಂಪು, ಇನ್ನೊಂದು ಮಗ್ಗುಲು ಬಿಳಿಚಿಕೊಂಡಿತ್ತು.

ಆಸ್ಪತ್ರೆಯ ಔಷಧಿ ಕೋಣೆಗೆ ಬೀದಿಯ ಕಡೆ ಗಾಜಿನ ಗೋಡೆ. ರಟ್ಟಿನ ಪೆಟ್ಟಿಗೆಯಿಂದ ತೆಗೆದ ಬಾಟಲಿಗಳು ಬಿಸಿಲಿಗೆ ಮುಖಮಾಡಿ ಸಾಲಾಗಿ ನಿಂತಿದ್ದವು.

"ನಮ್ಮಲ್ಲಿ ಮುಚ್ಚುಮರೆ ಇಲ್ಲ," ಎಂದರು ಡಾಕ್ಟರು.

"ಬಿಸಿಲು?"

"ಎಸಿ ಇದೆಯಲ್ಲಮ್ಮ."

ಇನ್‌ಸ್ಪೆಕ್ಟರಮ್ಮ ಕತ್ತೆತ್ತಿದರು. ಗಾಜಿನ ಮೇಲ್ಗಡೆ ಕಂಬಿ, ಬರಿಯ ಕೊಕ್ಕೆಗಳು. ಒಂದರಲ್ಲಿ ಕಪ್ಪು ಬಟ್ಟೆಯ ಚೂರು.

"ಪರದೆ ಎಲ್ಲಿ?"

ಡಾಕ್ಟರ ಪಕ್ಕದಲ್ಲಿದ್ದ ಫಾರ್ಮಸಿಸ್ಟ್ ಹೇಳಿದಳು: "ನಾನೇ ಹಾಕಿದ್ದೆ ಮೇಡಂ. ಬೆಳಕು ಬಿದ್ರೆ ಕೆಡುತ್ತೆ ಅಂತ ಪೆಟ್ಟಿಗೆ ಮೇಲೇ ಬರೆದಿದೆ. ತೋರಿಸ್ದೆ. ಸಾರ್ ಕಿತ್ತೆಸೆದ್ರು."

ಪಂಚನಾಮೆ ಮಾಡಿ, ಗಾಜಿನ ಬಳಿ ಇದ್ದವನ್ನೂ ಇನ್ನೂ ತೆರೆಯದ ಪೆಟ್ಟಿಗೆಯಲ್ಲಿದ್ದವನ್ನೂ ತುರ್ತು ಪರೀಕ್ಷೆಗೆಂದು ಪ್ರಯೋಗಾಲಯಕ್ಕೆ ಕಳಿಸಿದರು. ವರದಿ ಬಂತು: ಎರಡೂ ಅಸಲಿ. ಪೆಟ್ಟಿಗೆಯದರ ಶಕ್ತಿ ಪೂರ್ತಿ ಇತ್ತು. ಗಾಜಿನ ಬಳಿಯದರಲ್ಲಿ ಅರ್ಧವೂ ಉಳಿದಿರಲಿಲ್ಲ.

ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಆರೋಪದ ಮೇಲೆ ಗುರುವಾರ ಬಂಧನ. "ಊರೆಲ್ಲ ನೋಡ್ಲಿ," ಎಂದು ಡಾಕ್ಟರು ತಲೆಯೆತ್ತಿಯೇ ಜೀಪು ಹತ್ತಿದರು. ಹಿಂದೊಮ್ಮೆ ಅವರು ನಕಲಿ ಔಷಧಿ ಬಚ್ಚಿಟ್ಟಿದ್ದಾರೆಂದು ಯಾರೋ ಸುದ್ದಿ ಹಬ್ಬಿಸಿ, ಜನ ಕಲ್ಲು ಹೊಡೆದಿದ್ದರು. ಸುಳ್ಳೆಂದು ಗೊತ್ತಾದ ಮೇಲೆ ಒಬ್ಬರೂ ತಪ್ಪಾಯಿತೆನ್ನಲಿಲ್ಲ. ಅಂದಿನಿಂದ ಒಂದೇ ಹಟ, ಏನನ್ನೂ ಮುಚ್ಚಿಡಬಾರದು. ಪಾಪ ಎನಿಸಿತು ಇನ್‌ಸ್ಪೆಕ್ಟರಮ್ಮನಿಗೆ, ಸಿಟ್ಟೇನೂ ಇಳಿಯಲಿಲ್ಲ.

ಸಂಜೆ ದರ್ಜಿಗೆ ಎಲ್ಲ ಹೇಳಿದರು.

"ಅಸಲೀನೇ ಆಗಿತ್ತಾ? ಹಂಗಾದ್ರೆ ಒಂದು ಬಟ್ಟೆ ಅಡ್ಡ ಇದ್ದಿದ್ರೆ ಇವರು ಉಳೀತಿದ್ರಾ?"

"ಉಳೀಬಹುದಿತ್ತಮ್ಮ."

ಅವಳು ಅಳಲಿಲ್ಲ. ಮಾರನೆಯ ದಿನ ಎರಡು ಪದರದ ಕಪ್ಪು ಪರದೆ ಹೊಲಿದು ತಂದು, ಅದೇ ಮೇಜಿನ ಮೇಲೆ ಕುಕ್ಕಿದಳು.

"ಅಲ್ಲಿನ್ನೂ ರೋಗಿಗಳಿದ್ದಾರೆ. ಇದನ್ನ ಯಾರು ಕೀಳ್ತಾರೋ ನಾನೂ ನೋಡ್ತೀನಿ."