ತಿಂಡಿ ಕಟ್ಟಿಕೊಂಡು ಬಂದ ವರ

ಹೆಣ್ಣು ನೋಡಲು ಬಂದವನು ತನ್ನ ತಿಂಡಿಯನ್ನು ತಾನೇ ಕಟ್ಟಿಕೊಂಡು ಬಂದಿದ್ದ.

ಠಾಣೆ ನಗರದ ಕೋಪರಿಯಲ್ಲಿ ದೇಜಪ್ಪನವರ ಹೋಟೆಲಿನ ಗೋಳಿಬಜೆ ಎಂದರೆ ಲೋಕಲ್ ಟ್ರೈನಿನಿಂದ ಇಳಿದವರು ಮನೆ ಮರೆತು ಇತ್ತ ತಿರುಗುತ್ತಾರೆ. ಅಂಥ ದೇಜಪ್ಪನವರ ಮನೆಯ ಸೋಫಾದಲ್ಲಿ ಕೂತು, ಐರೋಲಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ಜಯೇಶ್ ಎಂಬ ಈ ಮಹಾಶಯ ಬಿಸಿ ಗೋಳಿಬಜೆಯ ಪ್ಲೇಟನ್ನು ಎರಡು ಬೆರಳಿನಿಂದ ಆಚೆ ಸರಿಸಿದ. ಬ್ಯಾಗಿನಿಂದ ರೆಡಿಮೇಡ್ ಪಾಪ್‌ಕಾರ್ನಿನ ಪ್ಯಾಕೆಟ್ ಹೊರತೆಗೆದ.

"ಸಾರಿ ಅಂಕಲ್, ನಾನು ಎಣ್ಣೆದು ತಿನ್ನೋದಿಲ್ಲ. ಇದು ರೋಸ್ಟೆಡ್. ಹೆಲ್ದಿ."

ಹೆಲ್ದಿಯಂತೆ. ಕಾಫಿಯ ಟ್ರೇ ಹಿಡಿದು ನಿಂತಿದ್ದ ಪ್ರಣೀತಾಳಿಗೆ ಮೈಯೆಲ್ಲ ಉರಿಯಿತು. ಗಾಳಿ ತುಂಬಿದ ಪ್ಯಾಕೆಟ್, ಅದನ್ನು ತಿನ್ನುವ ಗಾಳಿ ತುಂಬಿದ ಮನುಷ್ಯ. ಕೊಳ್ಳುವಾಗ ಪ್ಯಾಕೆಟಿನ ಹಿಂದಿನ ಅಕ್ಷರವನ್ನೆಲ್ಲ ಓದಿರುತ್ತಾನೆ, ಎದುರಿಗಿರುವವರ ಮುಖ ಓದಲು ಮಾತ್ರ ಬರುವುದಿಲ್ಲ.

ಅಷ್ಟರಲ್ಲಿ ಅವನು ತಲೆಯೆತ್ತಿದ. ಕೈಯಲ್ಲಿದ್ದ ಪಾಪ್‌ಕಾರ್ನ್ ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತಿತು. ಅವಳನ್ನು ನೋಡಿದ, ಕಣ್ಣು ಕೆಳಗೆ ಹಾಕಿದ, ಮತ್ತೆ ನೋಡಿದ. ಗಂಡಸಿಗೆ ಇಷ್ಟುದ್ದದ ರೆಪ್ಪೆ ಯಾಕೆ ಬೇಕು ಎಂದುಕೊಂಡಳು ಪ್ರಣೀತಾ. ಅದನ್ನು ಗಮನಿಸಿದ್ದಕ್ಕೆ ತನ್ನ ಮೇಲೆಯೇ ಅವಳಿಗೆ ಸಿಟ್ಟು ಬಂತು.

ಊರಿನ ಕಡೆಯಿಂದ ಬಂದ ಇವರ ಬಳಗದಲ್ಲಿ ಒಂದು ರೂಢಿ ಉಂಟು. ಹುಡುಗಿ ಒಪ್ಪಿಗೆಯಾದರೆ ಅವಳ ಮನೆಯ ತಿಂಡಿ ತಿನ್ನುವುದು, ಇಲ್ಲದಿದ್ದರೆ ಪ್ಲೇಟು ಮುಟ್ಟದೆ ಏಳುವುದು. ಬಾಯಿಬಿಟ್ಟು ಬೇಡ ಎನ್ನುವ ಮುಜುಗರ ಯಾರಿಗೂ ಇಲ್ಲ. ಜಯೇಶನ ಜೊತೆಗೆ ಬಂದಿದ್ದ ಸೋದರಮಾವ ಮಾಪಣ್ಣ, ಅಳಿಯ ಪ್ಲೇಟು ಸರಿಸಿದ್ದನ್ನು ಕಂಡು, ಬಾಯಿಯ ಹತ್ತಿರ ಹೋಗಿದ್ದ ಬಜೆಯನ್ನು ಹಾಗೆಯೇ ಕೆಳಗಿಟ್ಟರು. ದೇಜಪ್ಪನವರ ಮುಖ ಕಪ್ಪಿಟ್ಟಿತು. ನಮಸ್ಕಾರ ಹೇಳಿ ಎಲ್ಲರೂ ಎದ್ದರು.

"ಪ್ಯಾಕೆಟ್ ತಿನ್ನುವವರಿಗೆ ನನ್ನ ಮಗಳು ಬೇಡವಂತೆ," ಎಂದರು ದೇಜಪ್ಪ, ಬಾಗಿಲು ಹಾಕಿಕೊಂಡ ಮೇಲೆ.

"ನನಗೂ ಬೇಡ ಪಪ್ಪ. ಅವನ ಮುಸುಡಿಗಿಷ್ಟು," ಎಂದಳು ಪ್ರಣೀತಾ. ಆದರೆ ಆ ವಾರವೆಲ್ಲ ಅವಳಿಗೆ ಊಟ ಸೇರಲಿಲ್ಲ. ಒಂದು ಹಿಡಿ ಜೋಳದ ಅರಳಿನ ಎದುರು ತಾನು ಸೋತೆನೆಂಬ ಅವಮಾನ ಅದು. ಅವಮಾನ ಮಾತ್ರವೇ ಎಂದು ಯಾರಾದರೂ ಕೇಳಿದ್ದರೆ ಅವಳು ಜಗಳಕ್ಕೇ ಹೋಗುತ್ತಿದ್ದಳು.

ಒಂಬತ್ತನೆಯ ದಿನ ಸಂಜೆ ಐದಕ್ಕೆ ಅವನು ಹೋಟೆಲಿಗೇ ಬಂದ. ಕ್ಯಾಶ್ ಕೌಂಟರಿನಲ್ಲಿ ಪ್ರಣೀತಾ ಇದ್ದಳು.

"ಪಾರ್ಸೆಲ್ ಎಂತಾದ್ರೂ ಬೇಕಿತ್ತಾ? ನಮ್ಮಲ್ಲಿ ಎಣ್ಣೆದು ಬಿಟ್ರೆ ಬೇರೆ ಇಲ್ಲ."

"ನೀವು ಫೋನೇ ಮಾಡ್ಲಿಲ್ಲ," ಎಂದ ಜಯೇಶ್. "ಎಂಟು ದಿನ ಕಾದೆ. ನಾನು ಇಷ್ಟ ಆಗ್ಲಿಲ್ವಾ?"

ಪ್ರಣೀತಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಷ್ಟು ದೊಡ್ಡ ಪೆದ್ದ ಐರೋಲಿಯ ಆ ಗಾಜಿನ ಬಿಲ್ಡಿಂಗಿನಲ್ಲಿ ಅದೇನು ಕೆಲಸ ಮಾಡುತ್ತಾನೋ. "ಪ್ಲೇಟ್ ಮುಟ್ಟದೆ ಎದ್ದು ಹೋದದ್ದು ನೀವು. ಹಾಗಂದ್ರೆ ಹುಡುಗಿ ಬೇಡ ಅಂತ. ನಿಮ್ಮ ಮನೇಲಿ ಯಾರೂ ಹೇಳ್ಲಿಲ್ವಾ?"

"ಹಾಗೂ ಉಂಟಾ?" ಅವನ ಬಣ್ಣ ಇಳಿಯಿತು. "ಅದಕ್ಕೇ ಮಾಮ ಬೇರೆ ಹುಡುಗಿಯರ ಫೋಟೋ ತಂದದ್ದು."

"ನೋಡಿ ಹೋಗಿ. ಪಾಪ್‌ಕಾರ್ನ್ ತಿನ್ನೋಳು ಯಾರಾದ್ರೂ ಸಿಗಬಹುದು. ಅದರಲ್ಲಿ ಎಷ್ಟು ಉಪ್ಪು ಉಂಟು ಓದಿದ್ದೀರಾ? ಬಟರ್ ಫ್ಲೇವರ್ ಅಂತೆ, ಬೆಣ್ಣೆ ಮಾತ್ರ ಕಾಣೆ."

"ಓದಿದ್ದೇನೆ. ಅಮೃತ ಅಂತ ನಾನೂ ಹೇಳೋದಿಲ್ಲ. ಮೊದ್ಲು ಸಂಜೆ ಸ್ಟೇಷನ್ನಲ್ಲಿ ನಾಲ್ಕು ಸಮೋಸಾ, ಎರಡು ವಡಾಪಾವ್ ತಿಂತಿದ್ದೆ. ಅದಕ್ಕಿಂತ ವಾಸಿ, ಅಷ್ಟೆ." ಅವನು ಕೌಂಟರಿನ ಅಂಚು ಹಿಡಿದುಕೊಂಡ. "ಡೊಂಬಿವ್ಲಿಯಲ್ಲಿ ನಮ್ಮ ಸಂಘದ ವಾರ್ಷಿಕೋತ್ಸವ ಆಯ್ತಲ್ಲ, ಅಲ್ಲಿ ನೀವು ಹಳದಿ ಸೀರೆ ಉಟ್ಟು ಬಡಿಸ್ತಿದ್ರಿ. ಆಗ ನಾನು ತೊಂಬತ್ತೆಂಟು ಕೆಜಿ. ಅದಕ್ಕಿಂತ ಮೊದ್ಲು ಮೂರು ಹುಡುಗಿಯರು ಮೋಟು, ಡುಮ್ಮ ಅಂತ ಬೇಡ ಅಂದಿದ್ರು. ನೀವೂ ಹಾಗೆ ಹೇಳಿದ್ರೆ ತಡ್ಕೊಳ್ಳೋ ಶಕ್ತಿ ಇರ್ಲಿಲ್ಲ. ಎಂಟು ತಿಂಗಳು ಇದನ್ನೇ ತಿಂದು ಇಳಿಸಿ, ಆಮೇಲೆ ಮಾಮನ ಹತ್ರ ನಿಮ್ಮ ಹೆಸರು ಹೇಳಿದ್ದು."

ಹಿಂದೆ ಬಿಲ್ ಕೊಡಲು ನಿಂತಿದ್ದವರು ಕೆಮ್ಮಿದರು. ಪ್ರಣೀತಾ ಚಿಲ್ಲರೆ ಕೊಟ್ಟು ಕಳಿಸಿದಳು. ಕಿವಿ ಬಿಸಿಯಾಗಿತ್ತು, ಮಾತು ಮಾತ್ರ ಒರಟಾಗಿಯೇ ಬಂತು.

"ಒಂದು ಬಜೆ ಬಾಯಿಗೆ ಹಾಕಿದ್ರೆ ಸತ್ತು ಹೋಗ್ತಿದ್ರಾ?"

"ಒಂದು ತಿಂದ್ರೆ ಹದಿನಾರು ತಿಂತೇನೆ ನಾನು. ನಿಮ್ಮ ಎದುರಿಗೆ ಹದಿನಾರು ತಿನ್ಲಿಕ್ಕೆ ನಾಚಿಕೆ ಆಯ್ತು."

ಅವಳಿಗೆ ನಗು ಬಂತು. ಬಂದ ನಗುವನ್ನು ನುಂಗಿಕೊಂಡು, "ಆದಿತ್ಯವಾರ ಕಲ್ಯಾಣದವರು ನನ್ನನ್ನು ನೋಡ್ಲಿಕ್ಕೆ ಬರ್ತಾರೆ. ಪಪ್ಪ ಮಾತು ಕೊಟ್ಟಾಗಿದೆ," ಎಂದಳು.

ಜಯೇಶ್ ಅಡುಗೆಮನೆಯ ಕಡೆ ನೋಡಿದ. ಆಮೇಲೆ, "ಹಾಗಾದ್ರೆ ಈಗ್ಲೇ ಒಂದು ಪ್ಲೇಟ್ ಕೊಡಿ. ಅಂಕಲ್ ಎದುರಿಗೇ ತಿಂತೇನೆ," ಎಂದ.

"ಬೇಡ." ಪ್ರಣೀತಾಳ ಧ್ವನಿ ಅವಳಿಗೇ ಹೊಸತಾಗಿ ಕೇಳಿತು. "ಎಂಟು ತಿಂಗಳು ಕಷ್ಟಪಟ್ಟದ್ದನ್ನು ಹಾಳು ಮಾಡ್ಬೇಡಿ."

ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ದೇಜಪ್ಪ ಹೊರಬಂದರು. ಅವನನ್ನು ಕಂಡು ಅಲ್ಲೇ ನಿಂತರು.

"ಇವ್ರಿಗೆ ಇಲ್ಲಿ ಎಂತ ಕೆಲಸ?"

ಜಯೇಶ್ ಬಾಯಿ ತೆರೆದ. ಪ್ರಣೀತಾ ಬಿಡಲಿಲ್ಲ. "ನೀವು ಸುಮ್ನಿರಿ. ನೀವು ಮಾತಾಡಿದ್ರೆ ಇನ್ನೂ ಕೆಡ್ತದೆ," ಎಂದು ಅವನನ್ನು ತಡೆದು ಕೌಂಟರಿನಿಂದ ಎದ್ದಳು.

"ಪಪ್ಪ, ಕಲ್ಯಾಣದವರಿಗೆ ಬರ್ಬೇಡಿ ಅಂತ ಫೋನ್ ಮಾಡಿ."

"ಯಾಕೆ?"

"ಇವ್ರಿಗೆ ನಮ್ಮ ರೀತಿ ರಿವಾಜು ಒಂದೂ ಗೊತ್ತಿಲ್ಲ. ಪ್ಲೇಟ್ ಯಾಕೆ ಇಡ್ತಾರೆ ಅಂತಾನೇ ಗೊತ್ತಿರ್ಲಿಲ್ಲ. ರುಚಿ ಅಂದ್ರೆ ಎಂತ ಅಂತಾನೂ ಗೊತ್ತಿಲ್ಲ. ಎಂಟು ದಿನ ಫೋನಿಗೆ ಕಾದು ಕೂತಿದ್ದ ದಡ್ಡ ಇವ್ರು."

"ಇಷ್ಟೆಲ್ಲ ಗೊತ್ತಿದ್ದೂ?" ಎಂದರು ದೇಜಪ್ಪ.

"ಇಷ್ಟೆಲ್ಲ ಗೊತ್ತಿದ್ದೂ ನನಗೆ ಇವ್ರೇ ಆಗ್ಬೇಕು ಪಪ್ಪ."

ದೇಜಪ್ಪ ಮಗಳ ಮುಖವನ್ನೊಮ್ಮೆ, ಆ ದಡ್ಡನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಜೇಬಿನಿಂದ ಮೊಬೈಲ್ ತೆಗೆದು ಕಲ್ಯಾಣಕ್ಕೆ ಫೋನ್ ಹಚ್ಚಿದರು.