ಅನಾತಾ ಅಂದ್ರೆ ಏನ್ರೀ?

"ಹಾಡು ನಿಲ್ಲಿಸಿ... ದಯವಿಟ್ಟು."

ದುಷ್ಯಂತ್ ಬೆಚ್ಚಿ ಕಾರಿನ ಸ್ಟೀರಿಯೋ ಬಂದ್ ಮಾಡಿದ. ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ನಿಂದ ಇರ್ವಿಂಗ್‌ನ ಆಫೀಸಿಗೆ ಇಬ್ಬರೂ ಕಾರ್‌ಪೂಲ್ ಮಾಡಿಕೊಂಡ ಮೊದಲ ದಿನ. ಪಕ್ಕದಲ್ಲಿ ಕೂತ ಹುಡುಗಿ ಮೈಸೂರಿನವಳು, ಹೆಸರು ಮಧುರಾ. ಅದಕ್ಕಿಂತ ಹೆಚ್ಚೇನೂ ಅವನಿಗೆ ಗೊತ್ತಿರಲಿಲ್ಲ.

"ಏನಾತ್ರಿ? ತಲಿ ನೋಯ್ತದೇನ್ರಿ?" ಧಾರವಾಡದ ಹುಡುಗ ಗಾಬರಿಯಾಗಿ ಕೇಳಿದ.

"ಇಲ್ಲ... ಯಾರು ಹಾಡ್ತಿದ್ದಿದ್ದು?"

"ಜಪಾನಿನ ಬ್ಯಾಂಡ್‌ರಿ. ನಾಕೂ ಮಂದಿ ಹುಡುಗ್ಯಾರ. ಗಿಟಾರು, ಡ್ರಮ್ಸು ಎಲ್ಲಾ ಅವರದ. ಒಸಾಕಾದಾಗ ಪ್ರಾಜೆಕ್ಟ್ ಮಾಡುವಾಗ ನನಗ ಹುಚ್ಚ ಹಿಡಿಸಿಬಿಟ್ರು."

ಮಧುರಾ ಕಿಟಕಿಯ ಕಡೆ ತಿರುಗಿದಳು. ಆ ಹುಡುಗಿ ಎಳೆದೆಳೆದು ಹಾಡಿದ ಒಂದು ಪದ ಅವಳ ಕಿವಿಗೆ ಸ್ಪಷ್ಟವಾಗಿ ಬಿದ್ದಿತ್ತು.

ಅನಾಥಾ... ಅನಾಥಾ...

ಅಮ್ಮನನ್ನು ಅವಳು ಚಿಕ್ಕಂದಿನಲ್ಲೇ ಕಳೆದುಕೊಂಡಿದ್ದಳು. ಒಬ್ಬರೇ ಸಾಕಿದ ಅಪ್ಪ ಶ್ರೀಕಂಠಯ್ಯ ಹೋದ ತಿಂಗಳು ತೀರಿಕೊಂಡರು. ಡಲ್ಲಾಸಿನಿಂದ ಇವಳು ಮೈಸೂರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಂದವರೆಲ್ಲ "ಅತ್ತುಬಿಡಮ್ಮಾ" ಎಂದರು. ಅಳು ಬರಬೇಕಲ್ಲ?

ವಾಪಸು ಬಂದ ಮೇಲೂ ಅಷ್ಟೇ. ಬಿಸಿ ಕಾಫಿ ನಾಲಿಗೆ ಸುಟ್ಟರೂ ಗೊತ್ತಾಗುತ್ತಿರಲಿಲ್ಲ. ಅಪ್ಪನಿಗೆ ಫೋನ್ ಮಾಡಲೆಂದು ಕೊಂಡ ಕಾಲಿಂಗ್ ಕಾರ್ಡು ಪರ್ಸಿನಲ್ಲಿ ಅರ್ಧಕ್ಕೇ ಉಳಿದಿತ್ತು. ಎಸೆಯಬೇಕು ಅಂತಲೂ ಅನ್ನಿಸಲಿಲ್ಲ, ಇಟ್ಟುಕೊಳ್ಳಬೇಕು ಅಂತಲೂ ಅನ್ನಿಸಲಿಲ್ಲ.

ಮರುದಿನ ಅವಳೇ ಕೇಳಿದಳು. "ನಿನ್ನೆಯ ಹಾಡು ಹಾಕ್ತೀರಾ?"

ಆಮೇಲೆ ದಿನಾ ಅದೇ ಹಾಡು. 'ಎಲ್ಲರೂ ಆ ಮಾತು ನುಂಗಿಕೊಳ್ತಾರೆ... ಈ ಹಾಡೋ ಹುಡುಗಿಯಾದರೂ ಬಾಯಿಬಿಟ್ಟು ಹೇಳ್ತಾಳಲ್ಲ' ಅಂತ ಮಧುರಾಗೆ ಅನ್ನಿಸುತ್ತಿತ್ತು. ಅರ್ಥ ಕೇಳುವ ಗೋಜಿಗೇ ಅವಳು ಹೋಗಲಿಲ್ಲ. ಬುದ್ಧನೇ ಜಪಾನಿಗೆ ಹೋಗಿದ್ದಾನಂತೆ, ಸಂಸ್ಕೃತದ ಒಂದು ಪದ ಹೋಗಿರಬಾರದೇ?

ದುಷ್ಯಂತನ ಲೆಕ್ಕವೇ ಬೇರೆ. ಅದು ಅಪ್ಪಟ ಪ್ರೇಮಗೀತೆ ಅಂತ ಅವನಿಗೆ ಗೊತ್ತು. ಅದೊಂದನ್ನೇ ದಿನವೂ ಕೇಳಿ ಹಾಕಿಸಿಕೊಳ್ಳುವ ಹುಡುಗಿಯ ಮನಸ್ಸಲ್ಲಿ ಇನ್ನೇನಿರುತ್ತದೆ? 'ಹೇಳ್ಲಿಕ್ಕೆ ನಾಚಿಕಿ... ಅದಕ್ಕ ಹಾಡಿನಾಗ ಹೇಳ್ಲಿಕತ್ತಾಳ' ಎಂದುಕೊಂಡ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವುದು ಇದಕ್ಕೇ.

ಫೆಬ್ರವರಿಯ ಒಂದು ಸಂಜೆ ಅವಳ ಅಪಾರ್ಟ್‌ಮೆಂಟಿನ ಮುಂದೆ ಕಾರು ನಿಲ್ಲಿಸಿ, ಅವನು ಒಂದು ಸಿಡಿ ಚಾಚಿದ. ಆ ಹಾಡನ್ನು ತಾನೇ ಬರ್ನ್ ಮಾಡಿ, ಮೇಲೆ ಮಾರ್ಕರಿನಲ್ಲಿ ಕನ್ನಡದಲ್ಲಿ ಬರೆದಿದ್ದ: ಅನಾತಾ.

ದುಷ್ಯಂತನಿಗೂ ಮಹಾಪ್ರಾಣಕ್ಕೂ ಆಗಿಬರುವುದಿಲ್ಲ ಅನ್ನುವುದು ಅಲ್ಲಿನ ಕನ್ನಡಿಗರಲ್ಲೆಲ್ಲ ಜಾಹೀರಾಗಿದ್ದ ವಿಷಯ. ಸಂಕ್ರಾಂತಿಗೆ ದೇವಸ್ಥಾನದ ಸಭಾಂಗಣದಲ್ಲಿ 'ಬೋಜನ ಈ ಕಡೆ' ಎಂದು ಬೋರ್ಡು ಬರೆದವನು ಅವನೇ.

"ಇದೇನು ಬರ್ದಿದೀರಿ?" ಮಧುರಾಳ ದನಿ ತಣ್ಣಗಿತ್ತು.

"ನಿಮ್ಮನ್ನ ನೋಡಿದಾಗೆಲ್ಲಾ ಇದೊಂದ ಶಬ್ದ ನೆನಪಾಗ್ತದ್ರಿ. ಭಾಳ ದಿವಸದಿಂದ ಹಿಂಗ ಕರೀಬೇಕು ಅನಸ್ತಿತ್ತು..."

ರೂಮ್‌ಮೇಟ್ ಕೋಕಿಲಾ ಇವನಿಗೆ ಅಪ್ಪನ ವಿಷಯ ಹೇಳಿದ್ದಾಳೆ ಅಂತ ಮಧುರಾಗೆ ಗೊತ್ತಿತ್ತು. 'ಅಂದರೆ ಇಷ್ಟು ದಿನ ತೋರಿಸಿದ್ದೆಲ್ಲಾ ಬರೀ ಕನಿಕರ...'

"ನಾನೇನು ಅಂತ ನನಗೆ ಗೊತ್ತು. ನೀವು ಬರೆದು ತೋರಿಸ್ಬೇಕಾಗಿಲ್ಲ." ಸಿಡಿ ಸೀಟಿನ ಮೇಲಿಟ್ಟು ಇಳಿದುಹೋದಳು. ಸಿಟ್ಟೂ ನೆಟ್ಟಗೆ ಬರಲಿಲ್ಲ.

ಕಾರ್‌ಪೂಲ್ ನಿಂತಿತು. ಅವಳು ಹೂಸ್ಟನ್ ಆಫೀಸಿಗೆ ಶಿಫ್ಟ್ ಆಗಲು ಕೇಳಿಕೊಂಡಳು. ಮ್ಯಾನೇಜರ್ ಒಪ್ಪಿದರು. ಸೋಮವಾರ ಅವಳು ಹೂಂ ಅಂದರೆ ಆಯಿತು.

ಅದರ ಹಿಂದಿನ ಶನಿವಾರ ಆಸ್ಟಿನ್ ಹತ್ತಿರದ ಜಾರ್ಜ್‌ಟೌನ್‌ನಲ್ಲಿ ಗೆಳತಿಯೊಬ್ಬಳ ಗೃಹಪ್ರವೇಶ. ಊಟ ಮುಗಿದ ಮೇಲೆ ಕೋಕಿಲಾ ಪತ್ರಿಕೆಯೊಂದನ್ನು ಮುಂದೆ ಹಿಡಿದಳು. "ನಿನ್ನ ಜಪಾನಿ ಹುಡುಗೀರು ಇವತ್ತು ಆಸ್ಟಿನ್‌ನಲ್ಲೇ ಇದಾರೆ ಕಣೆ. ರೆಕಾರ್ಡ್ ಅಂಗಡಿ ಮುಂದೆ, ಪುಕ್ಕಟೆ ಶೋ. ಹೋಗೋಣ್ವಾ?"

ಮಧುರಾ ಬೇಡ ಅನ್ನಲಿಲ್ಲ. ಆ ಹಾಡು ಮತ್ತೆ ಕೇಳಬೇಕಿತ್ತು.

ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಮಧ್ಯಾಹ್ನದ ಬಿಸಿಲು. ಗಿಟಾರು ಹಿಡಿದ ಪುಟಾಣಿ ಹುಡುಗಿ ಮೈಕಿನ ಹತ್ತಿರ ಬಂದು ಮುರುಕು ಇಂಗ್ಲಿಷಿನಲ್ಲಿ ಹೇಳಿದಳು.

"ಈ ಹಾಡು ಅನಾತಾ. ಅನಾತಾ ಅಂದ್ರೆ 'ನೀನು'. ನಮ್ಮಮ್ಮ ಅಪ್ಪನನ್ನ ಹೆಸರು ಹಿಡಿದು ಕರೆದೇ ಇಲ್ಲ. ಅಡುಗೆಮನೆಯಿಂದ 'ಅನಾತಾ' ಅಂದ್ರೆ ಸಾಕು, ತನ್ನನ್ನೇ ಕರೆದಿದ್ದು ಅಂತ ಅಪ್ಪನಿಗೆ ಗೊತ್ತು."

ಮಧುರಾ ನಿಂತಲ್ಲೇ ನಿಂತಳು.

ಅಮ್ಮನ ಮುಖ ಅವಳಿಗೆ ಫೋಟೋದಲ್ಲಷ್ಟೇ ನೆನಪು. ದನಿ ಮಾತ್ರ ಇನ್ನೂ ಕಿವಿಯಲ್ಲಿತ್ತು. ಅಡುಗೆಮನೆಯಿಂದ ಬರುತ್ತಿದ್ದ ಒಂದೇ ಅಕ್ಷರ... "ರೀ..." ಪೇಪರು ಮಡಿಸಿಟ್ಟು ಅಪ್ಪ ಏಳುತ್ತಿದ್ದರು.

ಕೆನ್ನೆ ಒದ್ದೆಯಾದದ್ದು ಅವಳಿಗೆ ತಡವಾಗಿ ಗೊತ್ತಾಯಿತು. ಆಮೇಲೆ ತಡೆಯಲಾಗಲಿಲ್ಲ. ಡ್ರಮ್ಮಿನ ಸದ್ದಿನಲ್ಲಿ ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಯಾರೋ ನೀರಿನ ಬಾಟಲಿ ಚಾಚಿದರು. ದುಷ್ಯಂತ್. ಆ ಬ್ಯಾಂಡು ಆಸ್ಟಿನ್‌ವರೆಗೂ ಬಂದಿರುವಾಗ ಅವನು ಬಾರದೆ ಇರುತ್ತಾನೆಯೇ?

"ನೀರ ಕುಡೀರಿ. ನಾ ಆ ಕಡೆ ಹೋಗ್ತೀನಿ."

"ನಾನು ಅದನ್ನ ಅನಾಥ ಅಂತ ಓದ್ಕೊಂಡೆ..."

"ಅಂದ್ರ?"

"ನೀವು ಮಹಾಪ್ರಾಣ ತಿಂದ್ಹಾಕಿದೀರಿ ಅಂತ. ಬೋಜನದ ಥರ."

ದುಷ್ಯಂತ್ ಹಣೆ ಚಚ್ಚಿಕೊಂಡ. "ಅಯ್ಯೋ... ಜನ್ಮದಾಗ ಅದೊಂದ ಸಲ ಸರಿ ಬರ್ದಿದ್ದೆನ್ರಿ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಆ ಸಿಡಿ ಇದ್ಯಾ?"

"ಕಾರಿನಾಗ ಅದ. ತರ್ತೀನಿ, ತಡೀರಿ." ಅವನು ಹೊರಟ.

"ರೀ..."

ದುಷ್ಯಂತ್ ಗಕ್ಕನೆ ನಿಂತ. "ನಮ್ಮ ಕಡೆ ಎಲ್ಲಾರಿಗೂ ರೀ ಅಂತೀವ್ರಿ. ಹಾಲಿನವಗೂ."

"ಅದು ಮಾತಿನ ಕೊನೇಲಿ ಬರೋ ರೀ. ಇದು ಮೊದಲಲ್ಲಿ ಬರೋದು... ನಮ್ಮನೇಲಿ ಒಬ್ರಿಗೇ ಅನ್ನೋದು."

ಅವನು ಎರಡು ಹೆಜ್ಜೆ ವಾಪಸು ಬಂದ. "ಇನ್ನೊಮ್ಮೆ ಅನ್ರಿ."

"ರೀ... ಹೂಸ್ಟನ್ ಬೇಡ ಅಂತ ಹೇಳ್ಬಿಡ್ಲಾ?"

ಹಾಲಿನವನಿಗೂ ರೀ ಹಚ್ಚುತ್ತಿದ್ದವನು ಮೊದಲ ಸಲ ಅದನ್ನು ಬಿಟ್ಟ.

"ಹೇಳಿಬಿಡು, ಮಧುರಾ."